ಬ್ಯಾಟರ್ಸೀ ವಿದ್ಯುತ್ ಸ್ಥಾವರ: ನಾಲ್ಕು ಚಿಮಣಿ ಉಳಿಯಲು ಎಷ್ಟು ಫ್ಲ್ಯಾಟ್ ಬೇಕಾಯಿತು

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದ ಮೇಲಿರುವ ಬ್ಯಾಟರ್ಸೀ ಕಲ್ಲಿದ್ದಲು ವಿದ್ಯುತ್ ಸ್ಥಾವರ 1983ರಲ್ಲಿ ಪೂರ್ತಿ ನಿಂತುಹೋಯಿತು. ಜನರಿಗೆ ಅದರ ಬಾಗಿಲು ತೆರೆದದ್ದು 2022ರ ಅಕ್ಟೋಬರ್ 14ರಂದು. ನಡುವೆ ಸಂದ 39 ವರ್ಷಗಳಲ್ಲಿ ಮಾಲೀಕರು ಬದಲಾದರು, ನಕ್ಷೆಗಳು ಬದಲಾದವು, ಕಟ್ಟಡದ ಚಾವಣಿ ಹೋಯಿತು. ಕೊನೆಗೆ ಗೋಡೆಗಳೂ ಚಿಮಣಿಗಳೂ ಉಳಿದದ್ದು ಸುತ್ತಲಿನ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿ ಮಾರಿದ ಹಣದಿಂದ. ಈ ಕೊಡುಕೊಳುವಿಕೆಯಲ್ಲಿ ಯಾವುದು ಯಾವುದಕ್ಕೆ ಅಡವಾಯಿತು, ಯಾವುದು ಅಡವಿಲ್ಲದೆ ಕೈತಪ್ಪಿತು ಎಂಬುದನ್ನು ಬಿಡಿಸಿ ನೋಡುವುದೇ ಈ ಪ್ರಕರಣದ ಉದ್ದೇಶ.

ಕಟ್ಟಡದ ಮೈಕಟ್ಟು

ಹೊರಗಿನಿಂದ ಒಂದೇ ಕಟ್ಟಡದಂತೆ ಕಂಡರೂ ಇವು ಬೆನ್ನಿಗೆ ಬೆನ್ನು ಹಚ್ಚಿ ನಿಂತ ಎರಡು ಸ್ಥಾವರಗಳು. ಪಶ್ಚಿಮದ 'ಎ' ಸ್ಥಾವರದ ಕೆಲಸ 1929ರಲ್ಲಿ ಆರಂಭವಾಗಿ 1930ರ ದಶಕದ ಮಧ್ಯಕ್ಕೆ ಮುಗಿಯಿತು. ಅದೇ ಅಚ್ಚಿನ 'ಬಿ' ಸ್ಥಾವರದ ಕೆಲಸ ಎರಡನೇ ಮಹಾಯುದ್ಧದಿಂದಾಗಿ ನಡುವೆ ನಿಂತು, ಯುದ್ಧದ ನಂತರ ಮುಗಿಯಿತು. ನಾಲ್ಕು ಚಿಮಣಿಗಳ ಇಂದಿನ ರೂಪ ಪೂರ್ಣಗೊಂಡದ್ದು 1955ರಲ್ಲಿ. ಎಂಜಿನಿಯರ್ ಲಿಯೊನಾರ್ಡ್ ಪಿಯರ್ಸ್. ಹೊರಮೈಯ ವಿನ್ಯಾಸ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರದು, ಒಳಾಂಗಣ ಥಿಯೊ ಹ್ಯಾಲಿಡೇ ಅವರದು. ನೆಲದ ಮೇಲೆ ಸುಮಾರು 160 ಮೀಟರಿಗೆ 170 ಮೀಟರ್ ಹರವು, ನಡುವಿನ ಬಾಯ್ಲರ್ ಹೌಸಿನ ಎತ್ತರ ಸುಮಾರು 50 ಮೀಟರ್, ಚಿಮಣಿಯ ತುದಿ ನೂರು ಮೀಟರಿಗೆ ತುಸು ಮೇಲೆ. ಸುಮಾರು 60 ಲಕ್ಷ ಇಟ್ಟಿಗೆಗಳು. ಆದರೆ ಭಾರ ಹೊತ್ತಿರುವುದು ಇಟ್ಟಿಗೆಯಲ್ಲ, ಅದರೊಳಗೆ ಅಡಗಿರುವ ಉಕ್ಕಿನ ಚೌಕಟ್ಟು. ದುರಸ್ತಿಯ ಅರ್ಧ ಕಷ್ಟ ಇಲ್ಲಿಂದಲೇ ಹುಟ್ಟಿತು.

ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು: ಈ ಸ್ಥಾವರಕ್ಕೂ ಫ್ಲ್ಯಾಟುಗಳಿಗೂ ನಂಟು ಹೊಸದಲ್ಲ. 1950ರಿಂದ ಇಲ್ಲಿ ವ್ಯರ್ಥವಾಗುತ್ತಿದ್ದ ಬಿಸಿಯನ್ನು ನದಿಯಡಿಯ ಸುರಂಗದ ಕೊಳವೆಗಳಲ್ಲಿ ಆಚೆ ದಡದ ಪಿಮ್ಲಿಕೊಗೆ ಒಯ್ದು ಸಾರ್ವಜನಿಕ ವಸತಿ ಸಮುಚ್ಚಯವನ್ನು ಬೆಚ್ಚಗಿಡುತ್ತಿದ್ದರು.

ಪರಂಪರೆಯ ಪಟ್ಟಿಗೆ ಸೇರಿದರೂ ಹೋದ ಚಾವಣಿ

1980ರಲ್ಲಿ, 'ಬಿ' ಸ್ಥಾವರ ಇನ್ನೂ ಉರಿಯುತ್ತಿದ್ದಾಗಲೇ, ಸರ್ಕಾರ ಕಟ್ಟಡವನ್ನು ಎರಡನೇ ದರ್ಜೆಯ ಪರಂಪರೆಯ ಕಟ್ಟಡವೆಂದು ಪಟ್ಟಿಗೆ ಸೇರಿಸಿತು. 2007ರಲ್ಲಿ ಅದು ಅದಕ್ಕಿಂತ ಮೇಲಿನ 'ಎರಡು-ನಕ್ಷತ್ರ' (II*) ದರ್ಜೆಗೆ ಏರಿತು. ಇಂಗ್ಲೆಂಡಿನ ಪಟ್ಟಿಯಲ್ಲಿರುವ ಕಟ್ಟಡಗಳ ಪೈಕಿ ಈ ದರ್ಜೆಯವು ನೂರಕ್ಕೆ ಆರರಷ್ಟು ಮಾತ್ರ. ಇಷ್ಟಾದ ಮೇಲೆ ಕಟ್ಟಡ ಭದ್ರವಾಯಿತು ಎಂದುಕೊಳ್ಳುವುದು ಸಹಜ. ಆದದ್ದು ಬೇರೆ.

ಮೊದಲು ಬಂದದ್ದು ಮನರಂಜನಾ ಉದ್ಯಾನದ ಯೋಜನೆ. ಆಲ್ಟನ್ ಟವರ್ಸ್ ಎಂಬ ಮನರಂಜನಾ ಉದ್ಯಾನದ ಜಾನ್ ಬ್ರೂಮ್ 1987ರಲ್ಲಿ ಸ್ಥಾವರವನ್ನು 15 ಲಕ್ಷ ಪೌಂಡಿಗೆ ಕೊಂಡರು. ಒಳಗಿನ ದೈತ್ಯ ಯಂತ್ರಗಳನ್ನು ಹೊರತೆಗೆಯಲು ಬಾಯ್ಲರ್ ಹೌಸಿನ ಚಾವಣಿ ಬಿಚ್ಚಿದರು. 3.5 ಕೋಟಿ ಪೌಂಡ್ ಎಂದು ಹೊರಟ ಅಂದಾಜು 23 ಕೋಟಿಗೆ ಏರಿತು. 1989ರ ಮಾರ್ಚ್‌ನಲ್ಲಿ ಹಣ ಸಿಗದೆ ಕೆಲಸ ನಿಂತಿತು. ಬಿಚ್ಚಿದ ಚಾವಣಿಯನ್ನು ಯಾರೂ ಮುಚ್ಚಲಿಲ್ಲ. ಉಕ್ಕಿನ ಚೌಕಟ್ಟೂ ಪಾಯವೂ ಎರಡು ದಶಕಕ್ಕೂ ಹೆಚ್ಚು ಕಾಲ ಮಳೆಗೆ ನೆನೆದವು.

ಕಾನೂನು ಎಲ್ಲಿ ಸೋತಿತು ಎಂದು ನೋಡಿದರೆ, ಪಟ್ಟಿಗೆ ಸೇರಿಸುವುದರಿಂದ ಸಿಗುವುದು ತಡೆಯುವ ಅಧಿಕಾರ ಮಾತ್ರ. ಮಾಲೀಕ ಕೆಡವಬಾರದು, ಅನುಮತಿಯಿಲ್ಲದೆ ಬದಲಿಸಬಾರದು. ದುರಸ್ತಿ ಮಾಡಿಸುವ ಅಧಿಕಾರ ಬೇರೆ, ಅದು ದುರ್ಬಲ. 1990ರ ಪರಂಪರೆ ಕಟ್ಟಡಗಳ ಕಾಯ್ದೆಯ 54 ಮತ್ತು 55ನೇ ಕಲಮುಗಳಡಿ ನಗರಾಡಳಿತ ತಾನೇ ತುರ್ತು ಕೆಲಸ ಮಾಡಿಸಿ ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಆದರೆ ತುರ್ತು ಕೆಲಸ ಎಂದರೆ ಟಾರ್ಪಾಲು, ಆಸರೆ ಕಂಬ, ನೀರು ಹರಿದುಹೋಗುವ ದಾರಿ, ಇಷ್ಟೇ. ಪೂರ್ತಿ ದುರಸ್ತಿ ಬೇಕೆಂದರೆ 48ನೇ ಕಲಮಿನ ನೋಟಿಸು ಕೊಡಬೇಕು. ಅದಕ್ಕೂ ಮಾಲೀಕ ಬಗ್ಗದಿದ್ದರೆ ಉಳಿಯುವ ಒಂದೇ ಅಸ್ತ್ರ 47ನೇ ಕಲಮಿನ ಕಡ್ಡಾಯ ಸ್ವಾಧೀನ. ಆಗ ಕಟ್ಟಡ ನಗರಾಡಳಿತದ ಕೊರಳಿಗೆ ಬೀಳುತ್ತದೆ, ದುರಸ್ತಿಯ ಬಿಲ್ಲಿನ ಸಮೇತ. ಮನೆಯೊಂದರ ಮಟ್ಟಿಗೆ ಇದು ನಡೆಯುವ ಬೆದರಿಕೆ. ಇಷ್ಟು ದೊಡ್ಡ ಸ್ಥಾವರದ ಮಟ್ಟಿಗೆ ನೋಟಿಸು ಕೊಡುವವರಿಗೇ ಅದರ ಭಯ ಹೆಚ್ಚು.

ಆದ್ದರಿಂದ ಹಿಡಿತವಿರುವುದು ಅನುಮತಿ ಕೊಡುವ ಗಳಿಗೆಯಲ್ಲಿ ಮಾತ್ರ. ಚಾವಣಿ ಬಿಚ್ಚಲು ಒಪ್ಪುವ ಹೊತ್ತಿನಲ್ಲೇ, ಅದನ್ನು ಮರಳಿ ಮುಚ್ಚುವಷ್ಟು ಹಣ ಬ್ಯಾಂಕ್ ಗ್ಯಾರಂಟಿಯಾಗಿ ಕೈಯಲ್ಲಿರಬೇಕಿತ್ತು. ಕೆಡಿಸುವ ಹಂತಕ್ಕೆ ಕೊಟ್ಟ ಅನುಮತಿಯನ್ನು ಕಟ್ಟುವ ಹಂತದ ಹಣಕ್ಕೆ ಗಂಟು ಹಾಕದಿದ್ದರೆ, ನಡುವೆ ಬಿದ್ದ ಯಾವ ಯೋಜನೆಯೂ ಕಟ್ಟಡವನ್ನು ಮೊದಲಿಗಿಂತ ಹದಗೆಟ್ಟ ಸ್ಥಿತಿಯಲ್ಲೇ ಬಿಟ್ಟುಹೋಗುತ್ತದೆ.

ಕಟ್ಟಡ ಕೆಟ್ಟಷ್ಟೂ ಏರಿದ ಬೆಲೆ

ಮಾರಾಟದ ಸರಣಿಯನ್ನು ಒಂದರ ಕೆಳಗೊಂದು ಬರೆದರೆ ವಿಚಿತ್ರವಾಗಿ ಕಾಣುತ್ತದೆ. 1987ರಲ್ಲಿ ಚಾವಣಿಯಿದ್ದ ಕಟ್ಟಡಕ್ಕೆ 15 ಲಕ್ಷ ಪೌಂಡ್. 1993ರಲ್ಲಿ ಚಾವಣಿಯಿಲ್ಲದ ಕಟ್ಟಡಕ್ಕೆ ಸುಮಾರು 1 ಕೋಟಿ, ಕೊಂಡದ್ದು ಪಾರ್ಕ್‌ವ್ಯೂ ಕಂಪನಿ. 2006ರಲ್ಲಿ, ಇನ್ನೂ 13 ಮಳೆಗಾಲ ಕಳೆದ ಮೇಲೆ, ಐರ್ಲೆಂಡ್ ಮೂಲದ ಟ್ರೆಷರಿ ಹೋಲ್ಡಿಂಗ್ಸ್ ಗುಂಪು ಕೊಟ್ಟದ್ದು ಸುಮಾರು 40 ಕೋಟಿ. ಆ ಗುಂಪು ಸಾಲದಲ್ಲಿ ಮುಳುಗಿ 2011ರ ಕೊನೆಗೆ ಯೋಜನೆ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈ ಸೇರಿತು. 2012ರಲ್ಲಿ ಮಲೇಷ್ಯಾದ ಎಸ್‌ಪಿ ಸೇಟಿಯಾ, ಸೈಮ್ ಡಾರ್ಬಿ ಮತ್ತು ಅಲ್ಲಿನ ನೌಕರರ ಭವಿಷ್ಯ ನಿಧಿ ಸೇರಿ ಮತ್ತೆ 40 ಕೋಟಿಗೇ ಕೊಂಡವು.

ಕೆಡುತ್ತಿದ್ದ ಕಟ್ಟಡಕ್ಕೆ ಬೆಲೆ ಏರಿದ್ದೇಕೆ? ಬೆಲೆ ಕಟ್ಟಿದ್ದು ಕಟ್ಟಡಕ್ಕಲ್ಲ, ಅದರ ಸುತ್ತಲಿನ ಸುಮಾರು 42 ಎಕರೆಯಲ್ಲಿ ಮುಂದೆ ಏಳಬಹುದಾದ ಫ್ಲ್ಯಾಟುಗಳಿಗೆ. ದುರಸ್ತಿಗೆ ಆಸರೆಯಾಗಬೇಕಿದ್ದ ಲಾಭದ ದೊಡ್ಡ ಪಾಲು ಒಂದಿಟ್ಟಿಗೆಯನ್ನೂ ಸರಿಪಡಿಸುವ ಮೊದಲೇ ಹಿಂದಿನ ಮಾಲೀಕರ ಮತ್ತು ಸಾಲ ಕೊಟ್ಟವರ ಕೈಸೇರಿತು. ನಮ್ಮ ಪ್ರಕಾರ ಈ ಪ್ರಕರಣದ ಕೀಲಿ ಇರುವುದು ಇಲ್ಲಿ; ವಾಸ್ತುಶಿಲ್ಪದ ಜಗಳಗಳೆಲ್ಲ ಆಮೇಲಿನವು.

ಲೆಕ್ಕದ ಸ್ವರೂಪ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ (ಅಂಕಿಗಳು ಬ್ಯಾಟರ್ಸೀಯವಲ್ಲ). ದುರಸ್ತಿಯಾದ ಮೇಲೆ ಹಳೆಯ ಕಟ್ಟಡದ ಬೆಲೆ 6 ಕೋಟಿ. ಕೊಳ್ಳಲು ಅರ್ಧ ಕೋಟಿ, ದುರಸ್ತಿಗೆ 9 ಕೋಟಿ, ಬಿಲ್ಡರ್ ಲಾಭ 1.2 ಕೋಟಿ, ಒಟ್ಟು ಖರ್ಚು 10.7 ಕೋಟಿ. ಕಡಿಮೆ ಬೀಳುವ 4.7 ಕೋಟಿಯೇ ಸಂರಕ್ಷಣೆಯ ಕೊರತೆ. ಪಕ್ಕದ ಜಾಗದಲ್ಲಿ ಕಟ್ಟುವ ಒಂದು ಫ್ಲ್ಯಾಟ್ ಎಲ್ಲ ಖರ್ಚು, ಲಾಭ ಕಳೆದು 50 ಸಾವಿರ ಉಳಿಸಿದರೆ ಕೊರತೆ ತುಂಬಲು 940 ಫ್ಲ್ಯಾಟ್ ಬೇಕು. ದುರಸ್ತಿ ಖರ್ಚು ಶೇ 10ರಷ್ಟು ಏರಿದರೆ 1,120. ಅದರ ಜೊತೆಗೆ ಮಾರುಕಟ್ಟೆ ಕುಸಿದು ಫ್ಲ್ಯಾಟೊಂದರ ಉಳಿಕೆ 40 ಸಾವಿರಕ್ಕೆ ಇಳಿದರೆ 1,400. ಕೊಳ್ಳುವ ಬೆಲೆ ಅರ್ಧ ಕೋಟಿಯಿಂದ 3 ಕೋಟಿಗೆ ಏರಿತೆನ್ನಿ, ಆಗ 2,000 ದಾಟುತ್ತದೆ. ಈ ಅಂಕಿಗಳಲ್ಲಿ ನಗರಾಡಳಿತ ಅನುಮತಿಗೆ ಮುಂಚೆಯೇ ತಗ್ಗಿಸಬಹುದಾದದ್ದು ಕೊನೆಯ ಕೊಳ್ಳುವ ಬೆಲೆಯೊಂದೇ: 'ಇಲ್ಲಿ ಇಷ್ಟಕ್ಕಿಂತ ಹೆಚ್ಚು ಕಟ್ಟಲು ಬಿಡುವುದಿಲ್ಲ' ಎಂದು ಬೇಗ, ಖಚಿತವಾಗಿ ಹೇಳಿದರೆ ಜಾಗದ ಬೆಲೆ ಆ ಮಿತಿಗೇ ನಿಲ್ಲುತ್ತದೆ. ಜಾಗಕ್ಕೆ ಇಷ್ಟು ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ನಿಯಮ ಸಡಿಲಿಸುವಂತಿಲ್ಲ ಎಂದು ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದ್ದು 2018ರಲ್ಲಿ. ಬ್ಯಾಟರ್ಸೀಗೆ ಅದು ತಡವಾಯಿತು.

ಮಲೇಷ್ಯಾದ ಗುಂಪಿಗೆ ಕೈಗೆ ಬಂದದ್ದು ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ ಅವರ ಸಮಗ್ರ ನಕ್ಷೆ. 2008ರ ಮೊದಲ ಆವೃತ್ತಿಯಲ್ಲಿ 300 ಮೀಟರಿನ ಹೊಸ ಗೋಪುರವಿತ್ತು. ಪಕ್ಕದಲ್ಲಿ ಅಂಥದ್ದು ಎದ್ದಮೇಲೆ ನೂರು ಮೀಟರಿನ ಚಿಮಣಿಗಳನ್ನು ಉಳಿಸಿ ಫಲವೇನು? ವಿರೋಧ ಬಂತು, ಗೋಪುರ ಹೋಯಿತು. 2010ರಲ್ಲಿ ಒಪ್ಪಿಗೆ ಸಿಕ್ಕಿದ್ದು ತಗ್ಗಿದ ನಕ್ಷೆಗೆ. 2012ರಲ್ಲಿ ವಾಸ್ತುಶಿಲ್ಪಿ ಟೆರಿ ಫ್ಯಾರೆಲ್ ಇನ್ನೊಂದು ದಾರಿ ತೋರಿಸಿದರು: ನಡುವಿನ ಬಾಯ್ಲರ್ ಹೌಸನ್ನು ಕೆಡವಿ, ಚಿಮಣಿಗಳನ್ನೂ ಅವುಗಳ ಬುಡವನ್ನೂ ಇಟ್ಟುಕೊಂಡು, ಒಳಗೆ ಉದ್ಯಾನ ಮಾಡುವುದು. ದುರಸ್ತಿ ಖರ್ಚು ಬಹಳ ಇಳಿಯುತ್ತಿತ್ತು, ಫ್ಲ್ಯಾಟುಗಳ ಒತ್ತಡವೂ ಇಳಿಯುತ್ತಿತ್ತು. ಆದರೆ ಕಟ್ಟಡದ ನಡುವಿನ ಮೈಯೇ ಹೋದಮೇಲೆ ಉಳಿಯುವುದು ನಾಲ್ಕು ಮೂಲೆ ಮಾತ್ರ. ಅದನ್ನು ಬಿಟ್ಟದ್ದು ಸರಿ ಎಂದೇ ನಮ್ಮ ಅಭಿಪ್ರಾಯ.

ಮನೆ ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ

ಇಷ್ಟು ದೊಡ್ಡ ಕಟ್ಟಡದೊಳಗೆ ಬಂದದ್ದು 254 ಫ್ಲ್ಯಾಟುಗಳು ಮಾತ್ರ. ಇಡೀ ಯೋಜನೆಯಲ್ಲಿ ಕಟ್ಟಬೇಕೆಂದಿದ್ದದ್ದು ನಾಲ್ಕು ಸಾವಿರಕ್ಕೂ ಹೆಚ್ಚು. ಈ ಅಂತರಕ್ಕೆ ಕಾರಣ ಬೆಳಕು. ಒಂದೇ ಕಡೆ ಕಿಟಕಿಯಿರುವ ಮನೆಯಲ್ಲಿ ಕಿಟಕಿಯಿಂದ 7–8 ಮೀಟರ್ ಒಳಗೆ ಹೋದರೆ ಹಗಲಲ್ಲೂ ದೀಪ ಬೇಕು. ಬಾಯ್ಲರ್ ಹೌಸಿನಂಥ ಆಳದ ಕಟ್ಟಡದಲ್ಲಿ ಹೊರಗೋಡೆಗುಂಟ ಮಾತ್ರ ವಾಸಯೋಗ್ಯ ಮನೆ ಸಾಧ್ಯ; ನಡುಭಾಗ ಕತ್ತಲು. ಹೊರಗೋಡೆಯಲ್ಲಿ ಸಾಲುಸಾಲು ಕಿಟಕಿ ಕೊರೆದರೆ ಪರಂಪರೆಯೆಂದು ಉಳಿಸಿದ ಇಟ್ಟಿಗೆಯ ಬೋಳು ಮೈಯೇ ಮಾಯವಾಗುತ್ತದೆ.

ವಿಲ್ಕಿನ್ಸನ್‌ಐರ್ ವಾಸ್ತುಶಿಲ್ಪಿಗಳು ಭಾಗಗಳನ್ನು ಹಂಚಿದ್ದು ಈ ಮಿತಿಯನ್ನು ಒಪ್ಪಿಕೊಂಡೇ. ಎರಡು ಪಕ್ಕಗಳಲ್ಲಿ ಸ್ವಿಚ್ ಹೌಸ್ ಎಂಬ ಕಡಿಮೆ ಆಳದ ಭಾಗಗಳಿವೆ, ಫ್ಲ್ಯಾಟುಗಳು ಅಲ್ಲಿ. ಬಾಯ್ಲರ್ ಹೌಸಿನ ನೆತ್ತಿಯ ಮೇಲೆ, ಚಿಮಣಿಗಳ ನಡುವೆ, ಗಾಜಿನ ಮನೆಗಳು. ಅದರ ಕೆಳಗೆ ಆರು ಅಂತಸ್ತಿನ ಕಚೇರಿ. ಅದನ್ನು ಹಿಡಿದದ್ದು ಆಪಲ್ ಕಂಪನಿ, ಸುಮಾರು 46 ಸಾವಿರ ಚದರ ಮೀಟರ್. ಎರಡು ಟರ್ಬೈನ್ ಹಾಲ್‌ಗಳಲ್ಲಿ ಅಂಗಡಿಗಳು, ಏಕೆಂದರೆ ಅಂಗಡಿಗೆ ಹಗಲ ಬೆಳಕು ಬೇಕಿಲ್ಲ, ಎತ್ತರದ ಒಂದೇ ಹಜಾರ ಒಡೆಯದೆ ಉಳಿಯಬೇಕು. 'ಎ' ಸ್ಥಾವರದ ಅಮೃತಶಿಲೆಯ ನಿಯಂತ್ರಣ ಕೊಠಡಿ ಸಮಾರಂಭಗಳ ಜಾಗವಾಯಿತು, 'ಬಿ'ಯದು ಬಾರ್ ಆಯಿತು.

ಹಳೆಯ ಕಟ್ಟಡವನ್ನು 'ಪೂರ್ತಿ ಅಪಾರ್ಟ್‌ಮೆಂಟ್ ಮಾಡುತ್ತೇವೆ' ಎಂದು ಬರುವ ಪ್ರಸ್ತಾವವನ್ನು ಮೊದಲು ಈ 7–8 ಮೀಟರಿನ ಅಳತೆಪಟ್ಟಿಗೆ ಹಚ್ಚಬೇಕು. ನಕ್ಷೆಯಲ್ಲಿ ಹೊರಗೋಡೆಯಿಂದ ಅಷ್ಟು ದೂರಕ್ಕೆ ಒಂದು ಗೆರೆ ಎಳೆದರೆ ಸಾಕು. ಗೆರೆಯೊಳಗೆ ಉಳಿದದ್ದಕ್ಕೆ ಬೇರೆ ಬಳಕೆ ಸಿಗದಿದ್ದರೆ ಒಳಾಂಗಣವನ್ನು ಕೊರೆದು ಅಂಗಳ ಮಾಡುತ್ತಾರೆ, ಕೊನೆಗೆ ಉಳಿಯುವುದು ಸಿಪ್ಪೆ ಮಾತ್ರ.

ಚಿಮಣಿ: ದುರಸ್ತಿಯೇ, ಮರುಕಟ್ಟುವುದೇ

ಚಿಮಣಿಗಳು ಕಬ್ಬಿಣದ ಕಂಬಿಯಿರುವ ಕಾಂಕ್ರೀಟಿನವು. ಇಟ್ಟಿಗೆಯ ಬುಡದಿಂದ ಮೇಲಕ್ಕೆ ಸುಮಾರು 51 ಮೀಟರ್, ಬುಡದಲ್ಲಿ ಸುಮಾರು 8.5 ಮೀಟರ್ ಅಡ್ಡಗಲ, ತುದಿಯಲ್ಲಿ 6.7.

ಕಾಂಕ್ರೀಟ್ ಹೇಗೆ ಸಾಯುತ್ತದೆ ಎಂಬುದು ತಿಳಿದರೆ ಮುಂದಿನ ವಾದ ಅರ್ಥವಾಗುತ್ತದೆ. ಹೊಸ ಕಾಂಕ್ರೀಟಿನ ಕ್ಷಾರತೆ ಪಿಎಚ್ 13ರ ಹತ್ತಿರ. ಅದು ಕಂಬಿಯ ಮೇಲೆ ರಕ್ಷಣೆಯ ಪದರ ಕಟ್ಟುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಸರಿಯುತ್ತ ಪಿಎಚ್ ಅನ್ನು 9ಕ್ಕಿಂತ ಕೆಳಗಿಳಿಸಿದಾಗ ಆ ಪದರ ಕಳಚುತ್ತದೆ. ತುಕ್ಕು ಹಿಡಿದ ಕಂಬಿ ತನ್ನ ಮೂಲ ಗಾತ್ರದ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಪರೀಕ್ಷೆ ಸರಳ: ಹೊಸದಾಗಿ ಒಡೆದ ಮೈಗೆ ಫಿನಾಫ್ಥಲೀನ್ ದ್ರಾವಣ ಚಿಮುಕಿಸಿದರೆ ಕ್ಷಾರ ಉಳಿದಲ್ಲಿ ಗುಲಾಬಿ ಬಣ್ಣ, ಹೋದಲ್ಲಿ ಬಣ್ಣವಿಲ್ಲ. ಆ ಬಣ್ಣವಿಲ್ಲದ ಆಳ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ: 25 ವರ್ಷಕ್ಕೆ 20 ಮಿಲಿಮೀಟರ್ ಆಗಿದ್ದರೆ 100 ವರ್ಷಕ್ಕೆ 40. ಕಂಬಿಯ ಮೇಲಿನ ಹೊದಿಕೆ ಎಷ್ಟಿದೆ ಎಂದು ಅಳೆದು ಈ ಆಳದ ಜೊತೆ ಇಟ್ಟು ನೋಡಿದರೆ ಚಿಮಣಿಯ ಆಯುಷ್ಯ ಗೊತ್ತಾಗುತ್ತದೆ. ಜೊತೆಗೆ ತಾಮ್ರದ ಅರೆಕೋಶವನ್ನು (ಹೋಲಿಕೆಗೆ ಬಳಸುವ ವಿದ್ಯುದ್ವಾರ) ಕಾಂಕ್ರೀಟಿನ ಮೈಗೆ ಹಿಡಿದು ಕಂಬಿಯ ವೋಲ್ಟೇಜ್ ನೋಡುತ್ತಾರೆ. −350 ಮಿಲಿವೋಲ್ಟಿಗಿಂತ ಕೆಳಗೆ ಹೋದಲ್ಲಿ ತುಕ್ಕು ನಡೆಯುತ್ತಿರುವ ಸಂಭವ ಶೇ 90 ಮೀರುತ್ತದೆ.

ಒಡೆದ ಕಡೆ ಮಾತ್ರ ತೇಪೆ ಹಾಕುವುದು ಅಗ್ಗ. ಅದರ ತೊಂದರೆ, ತೇಪೆಯೊಳಗಿನ ಕಂಬಿ ಸುರಕ್ಷಿತವಾದ ಕೂಡಲೇ ಅಂಚಿನ ಆಚೆಯ ಹಳೆಯ ಕಾಂಕ್ರೀಟಿನಲ್ಲಿ ತುಕ್ಕು ಚುರುಕಾಗುತ್ತದೆ. ಕೆಲವೇ ವರ್ಷಗಳಲ್ಲಿ ತೇಪೆಯ ಸುತ್ತ ಉಂಗುರದಂತೆ ಹೊಸ ಬಿರುಕು ಏಳುತ್ತದೆ. ಇದನ್ನು ತಡೆಯಲು ತೇಪೆಯಲ್ಲಿ, ಕಂಬಿಯ ಬದಲು ತಾನು ಸವೆಯುವ ಸತುವಿನ ತುಂಡು (ಆನೋಡ್) ಹುದುಗಿಸಬೇಕು, ಇಲ್ಲವೇ ಇಡೀ ಮೈಗೆ ವಿದ್ಯುತ್ ರಕ್ಷಣೆ ಕೊಡಬೇಕು. ಎರಡನೆಯದಕ್ಕೆ ಜೀವನವಿಡೀ ನಿಗಾ ಬೇಕು.

ಪಾರ್ಕ್‌ವ್ಯೂ ಕಾಲದಲ್ಲಿ, 2005ರಲ್ಲಿ, ದುರಸ್ತಿ ಅಸಾಧ್ಯ ಎಂಬ ಎಂಜಿನಿಯರ್ ವರದಿಯ ಮೇಲೆ ಕೆಡವಿ ಕಟ್ಟಲು ಒಪ್ಪಿಗೆ ಸಿಕ್ಕಿತು. ಟ್ವೆಂಟಿಯತ್ ಸೆಂಚುರಿ ಸೊಸೈಟಿ, ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಪರಂಪರೆ ಸಂಸ್ಥೆಗಳು ಮತ್ತು ಸ್ಥಳೀಯರ ಗುಂಪು ತಾವೇ ಎಂಜಿನಿಯರುಗಳನ್ನು ಹಿಡಿದು, ದುರಸ್ತಿ ಸಾಧ್ಯ ಎಂಬ ಪ್ರತಿವರದಿ ತಂದವು. ತಾಂತ್ರಿಕವಾಗಿ ಎರಡೂ ನಿಲ್ಲುವ ವಾದಗಳೇ. ಎಷ್ಟು ವರ್ಷದ ಭರವಸೆ ಬೇಕು, ನಿರ್ವಹಣೆಗೆ ಯಾರು ಹಣ ಕೊಡುತ್ತಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಪ್ರತಿವರದಿ ತಂದವರಿಗೆ ಇದ್ದ ನಿಜವಾದ ಭಯ ಬೇರೆ: ಕೆಡವಿದ ಮೇಲೆ ಹಣ ಮುಗಿದರೆ? ಚಾವಣಿಯ ಅನುಭವ ಎದುರಿಗಿತ್ತು. ಚಿಮಣಿ ಹೋದರೆ, ಉಳಿದ ಮೊಂಡು ಕಟ್ಟಡವನ್ನು ಪಟ್ಟಿಯಿಂದ ತೆಗೆಸುವುದು ಸುಲಭ.

2014ರಲ್ಲಿ ಕೆಲಸ ಶುರುವಾದಾಗ ಈ ಭಯಕ್ಕೆ ಉತ್ತರ ಒಪ್ಪಂದದಲ್ಲೇ ಇತ್ತು. ನಾಲ್ಕನ್ನೂ ಒಟ್ಟಿಗೆ ಮುಟ್ಟುವಂತಿಲ್ಲ. ಮೊದಲು ನೈಋತ್ಯದ ಒಂದು ಚಿಮಣಿ. ಅದನ್ನು ಮರಳಿ ಕಟ್ಟುವ ಕೆಲಸ ನಡೆದು ತೋರಿದ ಮೇಲೆ ಉಳಿದ ಮೂರು. ಬಿಲ್ಡರ್ ನಡುವೆ ಕೈಬಿಟ್ಟರೂ ಚಿಮಣಿ ಕಟ್ಟುವಷ್ಟು ಹಣವನ್ನು ಕಾನೂನಿನ ಕಟ್ಟಿನಲ್ಲಿ ಬೇರೆಯಾಗಿ ಇಡಿಸಲಾಯಿತು. ಕಾಂಕ್ರೀಟನ್ನು ಹಳೆಯ ಕ್ರಮದಲ್ಲೇ ಒಂಟಿಚಕ್ರದ ಕೈಗಾಡಿಯಲ್ಲಿ ತಂದು ಹಂತಹಂತವಾಗಿ ಸುರಿದರು, ಹಾಗಾಗಿ ಹಂತಗಳ ನಡುವಿನ ಅಡ್ಡಗೆರೆಗಳು ಮೂಲದಂತೆಯೇ ಬಂದವು. 2017ರ ಹೊತ್ತಿಗೆ ನಾಲ್ಕೂ ನಿಂತವು. ಈಗ ಅಲ್ಲಿರುವುದು ಮೂಲ ಕಾಂಕ್ರೀಟ್ ಅಲ್ಲ ಎಂಬ ಆಕ್ಷೇಪ ನಿಜ. ಆದರೆ ಈ ಚಿಮಣಿಗಳ ಮಹತ್ವ ಆಕಾರದಲ್ಲಿತ್ತು, ಕುಶಲಕರ್ಮಿಯ ಕೈಯ ಗುರುತಿನಲ್ಲಲ್ಲ. ಕೆತ್ತನೆಯ ಕಲ್ಲಾಗಿದ್ದರೆ ನಾವು ಇದೇ ಮಾತು ಹೇಳುತ್ತಿರಲಿಲ್ಲ.

ಇಟ್ಟಿಗೆ ಮತ್ತು ಅದರ ಹಿಂದಿನ ಉಕ್ಕು

ದುರಸ್ತಿಗೆ ಸುಮಾರು 17.5 ಲಕ್ಷ ಇಟ್ಟಿಗೆ ಬೇಕಾಯಿತು. ಮೂಲ ಇಟ್ಟಿಗೆ ಕೊಟ್ಟಿದ್ದ ಗ್ಲಾಸ್ಟರ್‌ಶೈರಿನ ನಾರ್ತ್‌ಕಾಟ್ ಮತ್ತು ಶ್ರಾಪ್‌ಶೈರಿನ ಬ್ಲಾಕ್‌ಲೀಸ್ ಕಾರ್ಖಾನೆಗಳು ಇನ್ನೂ ನಡೆಯುತ್ತಿದ್ದದ್ದು ಅದೃಷ್ಟ, ಅವುಗಳಿಂದಲೇ ತರಿಸಿದರು.

ಇಟ್ಟಿಗೆ ಹೊಂದಿಸುವಲ್ಲಿ ಬಣ್ಣಕ್ಕಿಂತ ಮೊದಲು ಕೆಡುವುದು ಅಳತೆ. ಇಂದಿನ ಬ್ರಿಟಿಷ್ ಇಟ್ಟಿಗೆಯ ಎತ್ತರ 65 ಮಿಲಿಮೀಟರ್. ಹಳೆಯ ಇಂಚಿನ ಲೆಕ್ಕದವು ಅದಕ್ಕಿಂತ ಕೆಲವು ಮಿಲಿಮೀಟರ್ ದಪ್ಪ. ವರಸೆಗೆ (ಇಟ್ಟಿಗೆಯ ಒಂದು ಸಾಲಿಗೆ) 3 ಮಿಲಿಮೀಟರ್ ವ್ಯತ್ಯಾಸವೆಂದರೆ 100 ವರಸೆಗೆ 30 ಸೆಂಟಿಮೀಟರ್. ಗಾರೆಯ ಸಂದನ್ನು ದಪ್ಪ ಮಾಡಿ ಸರಿದೂಗಿಸಿದರೆ ಹೊಸ ಭಾಗ ದೂರದಿಂದಲೇ ಪಟ್ಟೆಯಂತೆ ಎದ್ದು ಕಾಣುತ್ತದೆ. ಆದ್ದರಿಂದ ಹಳೆಯ ಅಳತೆಯಲ್ಲೇ ಹೊಸದಾಗಿ ಸುಡಿಸಬೇಕು. ಬಣ್ಣಕ್ಕೆ, ಕನಿಷ್ಠ ಮೂರು ಕಟ್ಟುಗಳಿಂದ ಒಟ್ಟೊಟ್ಟಿಗೆ ಇಟ್ಟಿಗೆ ತೆಗೆದು ಬೆರೆಸಿ ಕಟ್ಟಬೇಕು. ಒಂದು ಕಟ್ಟು ಮುಗಿಸಿ ಇನ್ನೊಂದಕ್ಕೆ ಹೋದರೆ ಗೋಡೆಯಲ್ಲಿ ಮೋಡದ ನೆರಳಿನಂಥ ಕಲೆಗಳು ಬೀಳುತ್ತವೆ. ಒಂದು ಚದರ ಮೀಟರಿನ ಮಾದರಿ ಗೋಡೆ ಕಟ್ಟಿ ಒಣಗಿದಾಗ, ನೆನೆದಾಗ, ಬಿಸಿಲಿನಲ್ಲಿ, ಮೂರೂ ಸಲ ನೋಡಿಯೇ ಒಪ್ಪಿಗೆ ಕೊಡಬೇಕು. ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಗಟ್ಟಿ ಸಿಮೆಂಟ್ ಗಾರೆಯಾದರೆ ತೇವ ಇಟ್ಟಿಗೆಯ ಮೂಲಕವೇ ಹೊರಬೀಳುತ್ತದೆ, ಹಿಮ ಬಿದ್ದಾಗ ಇಟ್ಟಿಗೆಯ ಮುಖವೇ ಕಳಚುತ್ತದೆ.

ಇಟ್ಟಿಗೆ ಉಕ್ಕಿಗೆ ಒತ್ತಿಕೊಂಡಿರುವ ಆ ಕಾಲದ ಕಟ್ಟಡಗಳಲ್ಲಿ ದೊಡ್ಡ ರೋಗವೆಂದರೆ ಒಳಗಂಬ ತುಕ್ಕು ಹಿಡಿದು ಉಬ್ಬಿ ಗೋಡೆಯನ್ನು ಹೊರಕ್ಕೆ ತಳ್ಳುವುದು. ಬಿರುಕು ಕಂಬದ ಗೆರೆಗುಂಟ ನೇರವಾಗಿ ಇಳಿದಿದ್ದರೆ ಅದೇ ಕಾರಣ. ಸಂದಿನಲ್ಲಿ ಬೆರಳಷ್ಟು ರಂಧ್ರ ಕೊರೆದು ಕ್ಯಾಮೆರಾ ಇಳಿಸಿ ನೋಡುವುದು ಮೊದಲ ಹೆಜ್ಜೆ. ಕೆಟ್ಟಿದ್ದರೆ ಇಟ್ಟಿಗೆ ಬಿಚ್ಚಿ, ಉಕ್ಕನ್ನು ಬಿಳಿಯಾಗುವಷ್ಟು ಉಜ್ಜಿ, ಲೇಪ ಕೊಟ್ಟು, ಈ ಸಲ ನಡುವೆ ಸಂದು ಬಿಟ್ಟು ಮರಳಿ ಕಟ್ಟಬೇಕು. ಹಳೆಯ ಉಕ್ಕಿಗೆ ಹೊಸ ತುಂಡು ಬೆಸೆಯುವ ಮೊದಲು ಮಾದರಿ ಕತ್ತರಿಸಿ ಅದರ ರಾಸಾಯನಿಕ ಗುಣ ನೋಡಲೇಬೇಕು. ಇಂಗಾಲದ ಅಂಶ ಹೆಚ್ಚಿದ್ದರೆ ವೆಲ್ಡಿಂಗಿನ ಪಕ್ಕದಲ್ಲೇ ಸೀಳುತ್ತದೆ, ಆಗ ಬೋಲ್ಟೇ ಗತಿ.

ಹಳೆಯ ಸಿಪ್ಪೆಯೊಳಗೆ ಹೊಸ ಅಂತಸ್ತುಗಳನ್ನು ಇಡುವಾಗ ಇನ್ನೊಂದು ಎಚ್ಚರ. ಹಳೆಯ ಗೋಡೆ ತನ್ನ ಭಾರಕ್ಕೆ ದಶಕಗಳ ಹಿಂದೆಯೇ ಮಣ್ಣಿನಲ್ಲಿ ಇಳಿದು ಕೂತಿದೆ. ಹೊಸ ಚೌಕಟ್ಟು ಇನ್ನು ಕೂರಬೇಕಷ್ಟೆ. ಲಂಡನ್ನಿನ ಜೇಡಿಮಣ್ಣಿನಲ್ಲಿ ನೆಲಮಾಳಿಗೆ ಅಗೆದಾಗ ಭಾರ ಕಡಿಮೆಯಾಗಿ ತಳ ಮೇಲಕ್ಕೂ ಉಬ್ಬುತ್ತದೆ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಹೊಸದು ಇಳಿಯುವಾಗ ಹಳೆಯದನ್ನು ಎಳೆಯುತ್ತದೆ. ಜೋಡಣೆ ಗೋಡೆ ಹೊರಕ್ಕೆ ಬೀಳದಂತೆ ಅಡ್ಡಕ್ಕೆ ಹಿಡಿಯಬೇಕು, ಮೇಲೆ ಕೆಳಗೆ ಮಾತ್ರ ಜಾರಲು ಬಿಡಬೇಕು; ಉದ್ದನೆಯ ತೂತಿನ ಬೋಲ್ಟು ಈ ಕೆಲಸಕ್ಕೇ.

ಮೊದಲು ಫ್ಲ್ಯಾಟ್, ಆಮೇಲೆ ಸ್ಥಾವರ

ಕೆಲಸದ ಸರದಿ ಹೀಗಿತ್ತು. ಪಶ್ಚಿಮದಲ್ಲಿ ರೈಲು ಹಳಿಗುಂಟ ಸರ್ಕಸ್ ವೆಸ್ಟ್ ಎಂಬ ಮೊದಲ ಹಂತ, 860ಕ್ಕೂ ಹೆಚ್ಚು ಮನೆಗಳು. ಕಟ್ಟುವ ಮುಂಚೆಯೇ, 2013ರ ಆರಂಭದಲ್ಲಿ, ಮಾರಾಟಕ್ಕಿಟ್ಟರು. ಬಹುಪಾಲು ಬೇಗ ಮಾರಿಹೋದವು, ಕೊಂಡವರಲ್ಲಿ ವಿದೇಶಿ ಹೂಡಿಕೆದಾರರು ಬಹಳ. ಆ ಮುಂಗಡದ ಬಲದ ಮೇಲೆ ಸ್ಥಾವರವೆಂಬ ಎರಡನೇ ಹಂತ ನಡೆಯಿತು. ಮೆಟ್ರೊದ ನಾರ್ದರ್ನ್ ಮಾರ್ಗವನ್ನು ಕೆನಿಂಗ್ಟನ್‌ನಿಂದ ಇಲ್ಲಿಗೆ ವಿಸ್ತರಿಸಲು ಸಾರ್ವಜನಿಕ ಸಂಸ್ಥೆ 100 ಕೋಟಿ ಪೌಂಡ್ ಸಾಲ ಮಾಡಿತು. ತೀರಿಸುವುದು ಸುತ್ತಲಿನ ಬಿಲ್ಡರುಗಳ ವಂತಿಗೆ ಮತ್ತು ವ್ಯಾಪಾರ ತೆರಿಗೆಯ ಹೆಚ್ಚಳದಿಂದ. 2021ರ ಸೆಪ್ಟೆಂಬರ್ 20ರಂದು ರೈಲು ಓಡಿತು.

ಸರದಿಯಲ್ಲಿ ಅಪಾಯವಿತ್ತು: ಲಾಭದ ಹಂತ ಮುಗಿಸಿ ನಷ್ಟದ ಹಂತವನ್ನು ಬಿಟ್ಟು ಹೋಗುವ ದಾರಿ ತೆರೆದೇ ಇರುತ್ತದೆ. ಚಿಮಣಿಗೆ ಹಾಕಿದ ಗಂಟು ಅದನ್ನು ಮುಚ್ಚಿತು. ಇನ್ನೊಂದು ಬಾಗಿಲು ಮುಚ್ಚಲಿಲ್ಲ, ಹಣ ಅಲ್ಲಿಂದ ಸೋರಿತು.

250 ಮನೆಗಳು

ಮೂಲ ಒಪ್ಪಂದದಲ್ಲಿ ಮಾರುಕಟ್ಟೆಗಿಂತ ಕಡಿಮೆ ದರದಲ್ಲಿ ಕೊಡಬೇಕಾದ ಮನೆಗಳು 636, ಅಂದರೆ ಒಟ್ಟು ಮನೆಗಳ ಶೇ 15ರಷ್ಟು. 2014ರ ಕೊನೆಯಲ್ಲಿ ದುಬಾರಿ ಮನೆಗಳ ಮುದ್ರಾಂಕ ಶುಲ್ಕ ಏರಿತು, 2016ರ ಏಪ್ರಿಲ್‌ನಲ್ಲಿ ಎರಡನೇ ಮನೆ ಕೊಳ್ಳುವವರ ಮೇಲೆ ಶೇ 3ರ ಹೆಚ್ಚುವರಿ ಬಂತು, ಅದೇ ಜೂನ್‌ನಲ್ಲಿ ಬ್ರೆಕ್ಸಿಟ್ ಮತದಾನ. ದುಬಾರಿ ಫ್ಲ್ಯಾಟುಗಳ ಮಾರುಕಟ್ಟೆ ತಣ್ಣಗಾಯಿತು, ಇತ್ತ ಸ್ಥಾವರದ ದುರಸ್ತಿ ಖರ್ಚು ಏರುತ್ತಿತ್ತು. ಲೆಕ್ಕ ಹೊಂದುತ್ತಿಲ್ಲ ಎಂದು ಬಿಲ್ಡರ್ ಮರುಪರಿಶೀಲನೆ ಕೇಳಿದ್ದಕ್ಕೆ 2017ರಲ್ಲಿ ವಾಂಡ್ಸ್‌ವರ್ತ್ ನಗರಾಡಳಿತ ಒಪ್ಪಿತು. 636 ಇದ್ದದ್ದು 386 ಆಯಿತು, ಶೇ 9. ಮುಂದಿನ ಹಂತಗಳಲ್ಲಿ ಲಾಭ ಕಂಡರೆ ಕಳೆದ 250ನ್ನು ಮರಳಿ ಪಡೆಯಬಹುದು ಎಂಬ ಷರತ್ತು ಉಳಿಯಿತು. ಆ 386 ಮನೆಗಳನ್ನು ಪೀಬಡಿ ವಸತಿ ಸಂಸ್ಥೆ ನದಿಯಿಂದ ದೂರದ ಪ್ರತ್ಯೇಕ ನಿವೇಶನದಲ್ಲಿ ನಿರ್ವಹಿಸುತ್ತದೆ.

ಮೇಲಿನ ಉದಾಹರಣೆಯ ಲೆಕ್ಕವನ್ನು ನೆನೆಸಿಕೊಂಡರೆ ಇದರ ಯಂತ್ರ ಕಾಣುತ್ತದೆ. ಜಾಗದ ಬೆಲೆ ಆಗಲೇ ಕೊಟ್ಟಾಗಿದೆ, ಬದಲಾಗದು. ದುರಸ್ತಿಗೆ ಒಪ್ಪಂದದ ಕಟ್ಟಿದೆ. ಬಿಲ್ಡರ್ ಲಾಭವನ್ನು ಇಂಥ ಲೆಕ್ಕಪತ್ರಗಳಲ್ಲಿ ಮಾರಾಟ ಮೌಲ್ಯದ ಶೇ 15ರಿಂದ 20 ಎಂದು ಮೊದಲೇ ಖರ್ಚಿನ ಸಾಲಿನಲ್ಲಿ ಹಿಡಿದಿರುತ್ತಾರೆ. ಅಲುಗಾಡುವ ಸಾಲು ಉಳಿಯುವುದು ಕಡಿಮೆ ದರದ ಮನೆಗಳದೊಂದೇ; ಯಾವ ಕಡೆಯಿಂದ ಖರ್ಚು ಏರಿದರೂ ಪೆಟ್ಟು ಅಲ್ಲೇ ಬೀಳುತ್ತದೆ. ಸಂರಕ್ಷಣೆಯ ಬಿಲ್ಲನ್ನು ಪರಂಪರೆಯ ಅಭಿಮಾನಿಗಳೂ ಕಟ್ಟಲಿಲ್ಲ, ಹೂಡಿಕೆದಾರರೂ ಪೂರ್ತಿ ಕಟ್ಟಲಿಲ್ಲ. ಒಂದು ಪಾಲನ್ನು ಆ 250 ಮನೆಗಳಲ್ಲಿ ಇರಬೇಕಿದ್ದವರು ಕಟ್ಟಿದರು. ಅನುಮತಿಯ ಹೊತ್ತಿನಲ್ಲೇ ಚಿಮಣಿಗೆ ಮಾಡಿದಂತೆ ಇವುಗಳಿಗೂ ಮಾಡಬಹುದಿತ್ತು: ಮೊದಲ ಹಂತದ ಇಷ್ಟು ಫ್ಲ್ಯಾಟುಗಳಿಗೆ ವಾಸದ ಅನುಮತಿ ಸಿಗಬೇಕಾದರೆ ಕಡಿಮೆ ದರದ ಇಷ್ಟು ಮನೆಗಳು ಸಿದ್ಧವಾಗಿರಬೇಕು ಎಂಬ ಸಂಖ್ಯೆಯ ಗಂಟು.

ಕಾಣುವುದು ಮತ್ತು ಕಾಯುವುದು

ರೈಲಿನಲ್ಲಿ ಬರುವವರಿಗೆ ಹಿಂದೆ ಪೂರ್ತಿ ಕಾಣುತ್ತಿದ್ದ ಪಶ್ಚಿಮದ ಮುಖ ಈಗ ಸರ್ಕಸ್ ವೆಸ್ಟ್‌ನ ಹಿಂದೆ ಅಡಗಿದೆ. ದಕ್ಷಿಣದಲ್ಲಿ ಫ್ರಾಂಕ್ ಗೆರಿ ಮತ್ತು ಫಾಸ್ಟರ್ ಸಂಸ್ಥೆಯ ಕಟ್ಟಡಗಳು ಎದ್ದಿವೆ. ಚಿಮಣಿಯ ತುದಿಗಿಂತ ಇವೆಲ್ಲ ತಗ್ಗೇ, ಆದರೂ ಗೋಡೆಗಳು ಅವುಗಳ ನಡುವೆ ಸಿಕ್ಕಿಕೊಂಡಿವೆ. ನದಿಯ ಕಡೆಯ ಮುಖ ಮಾತ್ರ ಉದ್ಯಾನ ಬಿಟ್ಟದ್ದರಿಂದ ತೆರೆದಿದೆ. ನೋಟವನ್ನು ಕಾಪಾಡಬೇಕಾದರೆ ಎತ್ತರದ ಮಿತಿಯೊಂದೇ ಸಾಲದು, ಯಾವ ಸ್ಥಳದಿಂದ ಕಟ್ಟಡದ ಎಷ್ಟು ಭಾಗ ಕಾಣಬೇಕು ಎಂದು ನಕ್ಷೆಯ ಮೇಲೆ ನೋಟದ ತ್ರಿಕೋನಗಳನ್ನೇ ಗುರುತಿಸಿ ಅವುಗಳೊಳಗೆ ಕಟ್ಟುವುದನ್ನು ನಿಷೇಧಿಸಬೇಕು. ಒಂದು ತ್ರಿಕೋನಕ್ಕೆ ಎಷ್ಟು ಫ್ಲ್ಯಾಟ್ ಕಳೆಯುತ್ತದೆ ಎಂಬುದೂ ಆಗಲೇ ಲೆಕ್ಕಕ್ಕೆ ಸಿಗುತ್ತದೆ.

ದುರಸ್ತಿ ಮುಗಿದ ದಿನವೇ ನಿರ್ವಹಣೆಯ ಗಡಿಯಾರ ಓಡತೊಡಗುತ್ತದೆ. ಇಂಗ್ಲೆಂಡಿನ ಫ್ಲ್ಯಾಟುಗಳು ಹೆಚ್ಚಾಗಿ ದೀರ್ಘಾವಧಿ ಗುತ್ತಿಗೆಯವು. ಸಾಮಾನ್ಯ ಭಾಗಗಳ ಖರ್ಚು ಸೇವಾ ಶುಲ್ಕವಾಗಿ ನಿವಾಸಿಗಳ ಮೇಲೆ ಬರುತ್ತದೆ. ನೂರು ಮೀಟರ್ ಎತ್ತರದಲ್ಲಿ ಬಣ್ಣ ಹಚ್ಚಲು ಸಾರುವೆ ಕಟ್ಟುವ ಖರ್ಚು ಯಾವ ಗುತ್ತಿಗೆಯಲ್ಲಿದೆ, ಕಚೇರಿ, ಅಂಗಡಿ ಮತ್ತು ಮನೆಗಳ ಪಾಲು ಎಷ್ಟೆಷ್ಟು ಎಂಬುದು ಮೊದಲ ಫ್ಲ್ಯಾಟ್ ಮಾರುವ ಮುಂಚೆಯೇ ಬರಹದಲ್ಲಿರಬೇಕು. ಐದು ವರ್ಷಕ್ಕೊಮ್ಮೆ ಹಗ್ಗದಲ್ಲಿ ಇಳಿದು ತಟ್ಟಿ ನೋಡುವ ತಪಾಸಣೆ, ಮಳೆನೀರಿನ ಕೊಳವೆ ಮತ್ತು ಕಾಲುವೆಗಳಿಗೆ ವರ್ಷಕ್ಕೆ ಎರಡು ಸಲ ಶುಚಿ, ಬಣ್ಣಕ್ಕೆ ಬೇರೆ ತೆಗೆದಿಟ್ಟ ನಿಧಿ: ಇಷ್ಟನ್ನು ಗುತ್ತಿಗೆಗೆ ಸೇರಿಸಲು ಒಂದು ಪುಟ ಸಾಕು. ಸೇರಿಸದಿದ್ದರೆ, ಮೊದಲ ದೊಡ್ಡ ಬಿಲ್ ಬಂದಾಗ ನೂರಾರು ಗುತ್ತಿಗೆದಾರರು ನ್ಯಾಯಮಂಡಳಿಗೆ ಹೋಗುತ್ತಾರೆ, ಅದು ಇತ್ಯರ್ಥವಾಗುವವರೆಗೆ ಕಸ ಕಟ್ಟಿಕೊಂಡ ಕೊಳವೆಯ ನೀರು ಗೋಡೆಯೊಳಗಿನ ಉಕ್ಕಿನತ್ತ ಇಳಿಯುತ್ತಿರುತ್ತದೆ.